ಮುಚ್ಚಳದಕ್ಕನ ಮೂರನೇ ಪಂಪು

ಬೆಳಗಿನ ಐದೂವರೆ. ಪೆಟ್ರೋಲ್ ಬಂಕಿನ ಚಾವಣಿಯ ದೀಪಗಳು ಇನ್ನೂ ಆರಿಲ್ಲ, ರಸ್ತೆಯಲ್ಲಿ ಅರೆಬರೆ ಬೆಳಕು. ದಿನದ ಮೊದಲ ಕಾರು ಮೂರನೇ ಪಂಪಿನ ಮುಂದೆ ಬಂದು ನಿಲ್ಲುತ್ತದೆ. ಒಳಗಿರುವ ಯುವಕ ಗಾಡಿ ಕೊಂಡು ಎರಡು ವಾರವೂ ಆಗಿಲ್ಲ ಎಂಬುದು ಸೀಟಿನ ಮೇಲೆ ಹಾಗೇ ಉಳಿದಿರುವ ಪ್ಲಾಸ್ಟಿಕ್ ಹೊದಿಕೆಯಿಂದಲೇ ತಿಳಿಯುತ್ತದೆ. ಅವನು ಸೀಟಿನ ಪಕ್ಕ ತಡಕಾಡುತ್ತಾನೆ, ಸ್ಟೀರಿಂಗಿನ ಕೆಳಗೆ ತಡಕಾಡುತ್ತಾನೆ, ಕೊನೆಗೆ ಕೈಗೆ ಸಿಕ್ಕಿದ್ದನ್ನು ಹಿಡಿದು ಎಳೆಯುತ್ತಾನೆ. ಠಕ್ ಎಂದು ಮುಂದಿನ ಬಾನೆಟ್ ಏಳುತ್ತದೆ.

"ಅದು ಇಂಜಿನ್ನಿಂದು," ಎನ್ನುತ್ತಾ ಖಾಕಿ ಅಂಗಿಯ ಹೆಂಗಸೊಬ್ಬರು ಕಿಟಕಿಯ ಹತ್ತಿರ ಬರುತ್ತಾರೆ. "ಹಸಿದಿರೋದು ಟ್ಯಾಂಕು, ನೀವು ಇಂಜಿನ್ ಬಾಯಿ ತೆಗೆದ್ರೆ ಹೆಂಗೆ? ಡೋರ್ ಲಾಕ್ ತೆಗೀರಿ. ಸಾಕು. ಇನ್ನು ಕೈ ಮಡಿಲಲ್ಲಿ ಇಟ್ಕೊಂಡು ಕೂತ್ಕೊಳ್ಳಿ."

ಲಾಕು ತೆಗೆದ ಸದ್ದು ಕೇಳಿದ ಮೇಲೆ ಆಕೆ ಬಾನೆಟನ್ನು ಒತ್ತಿ ಮುಚ್ಚಿ, ಕಾರಿನ ಹಿಂಬದಿಗೆ ಬರುತ್ತಾರೆ. ಟ್ಯಾಂಕಿನ ಮುಚ್ಚಳದ ಹಿಂದಿನ ಅಂಚನ್ನು ಹೆಬ್ಬೆರಳಲ್ಲಿ ಒಂದು ಸಲ ಒತ್ತಿ ಬಿಡುತ್ತಾರೆ. ಮುಚ್ಚಳ ತಾನಾಗಿ ಹೊರಕ್ಕೆ ಬರುತ್ತದೆ. ಒಳಗಿನ ಬಿರಡೆ ತಿರುಗಿಸಿ ತೆಗೆದು, ಮುಚ್ಚಳದ ಒಳಮೈಯಲ್ಲಿರುವ ಕೊಕ್ಕೆಗೆ ಸಿಕ್ಕಿಸುತ್ತಾರೆ. ಯುವಕನ ಕಡೆ ತಿರುಗಿ, "ಏನು ಹಾಕ್ಬೇಕು ಬಾಯಲ್ಲಿ ಹೇಳಿ," ಎಂದು ಕೇಳುತ್ತಾರೆ. ಅವನು ಪೆಟ್ರೋಲ್ ಎನ್ನುತ್ತಾನೆ. ಅಷ್ಟಾದ ಮೇಲೆ ಆಕೆ ಮೂರು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ಪೆಟ್ರೋಲ್ ಹಾಕುವ ಪೈಪನ್ನು ಕೈಗೆತ್ತಿಕೊಳ್ಳುವವನು ಬೇರೆಯವನು. ಎತ್ತರದ ಆಸಾಮಿ, ಬಂಕಿನಲ್ಲಿ ಎಲ್ಲರೂ ಅವನನ್ನು ಉದ್ದಣ್ಣ ಎನ್ನುತ್ತಾರೆ.

ಈ ಹೆಂಗಸಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ, ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಅದಕ್ಕೆ ಬೇರೆಲ್ಲೂ ಕೆಲಸವಿಲ್ಲ. ಬಂಕಿಗೆ ಬರುವ ಗಾಡಿಗಳವರಿಗೆ, ಎದುರಿನ ಟೀ ಅಂಗಡಿಗೆ, ಹಿಂದಿನ ಬೀದಿಯ ಮೆಕ್ಯಾನಿಕ್‌ಗಳಿಗೆ ಅವರು ಮುಚ್ಚಳದಕ್ಕ. ವಯಸ್ಸು ನಲವತ್ತೊಂಬತ್ತು, ಸರ್ವೀಸು ಹತ್ತೊಂಬತ್ತು ವರ್ಷ. ಇದರಲ್ಲಿ ಹದಿನೇಳು ವರ್ಷ ಮೂರನೇ ಪಂಪಿನ ಪೈಪು ಅವರ ಕೈಯಲ್ಲೇ ಇತ್ತು. ಈಗ ಹನ್ನೊಂದು ವಾರದಿಂದ ಇಲ್ಲ. ಮುಚ್ಚಳ ತೆಗೆಯಬಹುದು, ಮುಚ್ಚಬಹುದು, ಪೈಪು ಮುಟ್ಟುವಂತಿಲ್ಲ. ಅದು ಮ್ಯಾನೇಜರ ಆಜ್ಞೆ. ಪೈಪು ಅಕ್ಕನ ಕೈಗೆ ಮರಳಬೇಕೋ, ಅಥವಾ ಅಕ್ಕ ಖಾಯಮ್ಮಾಗಿ ಮೂಲೆಯ ಗಾಳಿ ಯಂತ್ರದ ಹತ್ತಿರ ಹೋಗಿ ಚಕ್ರಗಳಿಗೆ ಗಾಳಿ ತುಂಬಿಕೊಂಡಿರಬೇಕೋ ಎಂಬುದನ್ನು ಇವತ್ತು ಹತ್ತು ಗಂಟೆಗೆ ಬಂಕಿನ ಯಜಮಾನಿ ಬಂದು ತೀರ್ಮಾನ ಮಾಡಲಿದ್ದಾರೆ.

"ಎದೆ ಡವಡವ ಅಂತಿದೆಯಾ ಅಂತ ಉದ್ದಣ್ಣ ಕೇಳ್ದ," ಎನ್ನುತ್ತಾರೆ ಅಕ್ಕ. "ಅಂತಿದೆ ಅಂದೆ. ಅಂತಿಲ್ಲ ಅಂದ್ರೆ ನಂಬ್ತಾನಾ?"

ಟ್ಯಾಂಕಿನ ಮುಚ್ಚಳ ತೆಗೆಯುವುದರಲ್ಲಿ ಅಂಥದ್ದೇನಿದೆ ಎಂದು ಮೂಗು ಮುರಿಯುವವರು ಒಂದು ಬೆಳಗ್ಗೆ ಈ ಬಂಕಿನಲ್ಲಿ ನಿಂತು ನೋಡಬೇಕು. ಗಾಡಿ ಓಡಿಸಲು ತಿಂಗಳುಗಟ್ಟಲೆ ಕಲಿತ ಜನ, ಮುಚ್ಚಳದ ಹತ್ತಿರ ಬಂದಾಗ ಮೊದಲ ದಿನ ಶಾಲೆಗೆ ಬಂದವರ ಹಾಗೆ ಆಗುತ್ತಾರೆ. ಕೆಲವು ಗಾಡಿಗಳಲ್ಲಿ ಡ್ರೈವರ್ ಸೀಟಿನ ಪಕ್ಕ, ನೆಲಕ್ಕೆ ಹತ್ತಿದಂತೆ ಒಂದು ಸಣ್ಣ ಹಿಡಿಕೆ ಇರುತ್ತದೆ, ಮೇಲಕ್ಕೆ ಎಳೆಯಬೇಕು. ಕೆಲವುಗಳಲ್ಲಿ ಬಾಗಿಲಿನ ಮೇಲೆ ಗುಂಡಿ. ಇನ್ನು ಕೆಲವುಗಳಲ್ಲಿ ಎಳೆಯುವುದೂ ಇಲ್ಲ, ಗುಂಡಿಯೂ ಇಲ್ಲ, ಬಾಗಿಲ ಲಾಕು ತೆಗೆದು ಮುಚ್ಚಳವನ್ನೇ ಒತ್ತಬೇಕು. ಹಳೆಯ ಗಾಡಿಗಳಿಗೆ ಬೀಗದ ಕೈ ಬೇಕು. ಮುಚ್ಚಳ ಎಡಕ್ಕೋ ಬಲಕ್ಕೋ ಎಂಬುದೇ ತಿಳಿಯದೆ ಪಂಪಿಗೆ ಬೆನ್ನು ಹಾಕಿ ನಿಲ್ಲುವವರೂ ಇದ್ದಾರೆ. ಇಂಧನದ ಮುಳ್ಳಿನ ಪಕ್ಕ ಮುಚ್ಚಳ ಯಾವ ಕಡೆಗಿದೆ ಎಂದು ತೋರಿಸುವ ಸಣ್ಣ ಬಾಣದ ಗುರುತು ಇರುತ್ತದೆ ಎಂದು ಅಕ್ಕ ಹೇಳಿಕೊಟ್ಟಾಗ, ಹತ್ತು ವರ್ಷ ಒಂದೇ ಗಾಡಿ ಓಡಿಸಿದ ಒಬ್ಬ ಪ್ರೊಫೆಸರರು ಪೆಚ್ಚಾದರಂತೆ.

ಬೆಳಗಿನ ಪಾಳಿಯಲ್ಲಿ, ಅಂದರೆ ಐದೂವರೆಯಿಂದ ಒಂದೂವರೆಯವರೆಗೆ, ಸುಮಾರು ಇನ್ನೂರ ಇಪ್ಪತ್ತು ಕಾರುಗಳು ಬರುತ್ತವೆ. ಇವುಗಳಲ್ಲಿ ಎಂಟೋ ಒಂಬತ್ತೋ ಕಾರುಗಳ ಬಾನೆಟ್ ತಪ್ಪಿ ಏಳುತ್ತದೆ. ಮೂರು ನಾಲ್ಕರ ಡಿಕ್ಕಿ ತೆರೆದುಕೊಳ್ಳುತ್ತದೆ. ವಾರಕ್ಕೆ ಎರಡಾದರೂ ಮುಚ್ಚಳಗಳು ನಿಜವಾಗಿಯೂ ಕಚ್ಚಿಕೊಂಡಿರುತ್ತವೆ. ಧೂಳು ಕೂತಿರುತ್ತದೆ, ಇಲ್ಲವೇ ಒಳಗಿನ ಸ್ಪ್ರಿಂಗು ಸೋತಿರುತ್ತದೆ. ಆಗ ಒಬ್ಬರು ಒಳಗೆ ಕೂತು ಹಿಡಿಕೆ ಎಳೆದು ಹಿಡಿಯಬೇಕು, ಇನ್ನೊಬ್ಬರು ಹೊರಗಿನಿಂದ ಮುಚ್ಚಳವನ್ನು ಅಂಗೈಯಲ್ಲಿ ಮೆಲ್ಲಗೆ ತಟ್ಟಬೇಕು. ಅದಕ್ಕೂ ಜಗ್ಗದಿದ್ದರೆ ಅಕ್ಕ ಡಿಕ್ಕಿ ತೆಗೆಸುತ್ತಾರೆ. ಬಹಳ ಗಾಡಿಗಳಲ್ಲಿ ಡಿಕ್ಕಿಯ ಒಳಗೋಡೆಯ ಹಿಂದೆ, ಮುಚ್ಚಳದ ಕಡೆಗೆ, ಒಂದು ಸಣ್ಣ ದಾರವೋ ತಂತಿಯೋ ಅಡಗಿರುತ್ತದೆ. ಅದನ್ನು ಹಿತವಾಗಿ ಎಳೆದರೆ ಮುಚ್ಚಳ ಬಿಡುತ್ತದೆ. ಗಾಡಿಯ ಯಜಮಾನರಿಗೆ ಅಂಥದ್ದೊಂದು ದಾರ ಇದೆ ಎಂಬ ಸುಳಿವೇ ಇರುವುದಿಲ್ಲ.

"ಸ್ಕ್ರೂಡ್ರೈವರ್ ಹಾಕಿ ಮೀಟ್ತಾರೆ ನೋಡಿ, ಅಂಥವರನ್ನ ಕಂಡ್ರೆ ನಂಗೆ ಮೈಯೆಲ್ಲಾ ಉರಿಯುತ್ತೆ," ಎನ್ನುತ್ತಾರೆ ಅಕ್ಕ. "ಬಣ್ಣ ಕಿತ್ತು ಬರುತ್ತೆ, ಕೀಲು ಬಾಗುತ್ತೆ. ಆಮೇಲೆ ಅದು ಜನ್ಮದಲ್ಲಿ ಸರಿಯಾಗಿ ಕೂರಲ್ಲ. ಅದೇನು ಕಳ್ಳರ ಮನೆ ಬಾಗಿಲಾ? ನಿಮ್ಮದೇ ಗಾಡಿ ತಾನೇ?"

ಈ ವಿದ್ಯೆ ಅವರಿಗೆ ಬಂಕಿನಲ್ಲಿ ಸಿಕ್ಕಿದ್ದಲ್ಲ. ಮದುವೆಯ ಜೊತೆಗೆ ಬಂದದ್ದು. ಗಂಡ ಹಿಂದಿನ ಬೀದಿಯ ಶೆಡ್ಡಿನಲ್ಲಿ ತಗಡಿನ ಕೆಲಸದವರು. ಗುದ್ದಿಸಿಕೊಂಡು ಬಂದ ಕಾರುಗಳ ಬಾಗಿಲು, ಮಡ್‌ಗಾರ್ಡು, ಮುಚ್ಚಳಗಳನ್ನು ಬಡಿದು ನೇರ ಮಾಡಿ, ತಗ್ಗಿಗೆ ಪುಟ್ಟಿ ಮೆತ್ತಿ, ಬಣ್ಣ ಹೊಡೆಯುವುದು ಅವರ ಕಸುಬು. ಹೊಸದಾಗಿ ಮದುವೆಯಾದಾಗ ಅಕ್ಕ ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಶೆಡ್ಡಿಗೆ ಹೋಗುತ್ತಿದ್ದರು. ಗಂಡ ಕೈ ತೊಳೆದು ಬರುವಷ್ಟರಲ್ಲಿ, ಬಿಚ್ಚಿ ನೆಲಕ್ಕಿಟ್ಟ ಮುಚ್ಚಳಗಳನ್ನು ಕೈಯಲ್ಲಿ ಹಿಡಿದು ತಿರುವಿ ನೋಡುತ್ತಿದ್ದರು. ಕೀಲು ಎಲ್ಲಿದೆ, ಕೊಂಡಿ ಎಲ್ಲಿ ಕಚ್ಚುತ್ತದೆ, ತಂತಿ ಎಲ್ಲಿಂದ ಬರುತ್ತದೆ ಎಂಬುದೆಲ್ಲ ಒಳಮೈಯಿಂದ ನೋಡಿದರೆ ನೀರು ಕುಡಿದಷ್ಟು ಸಲೀಸು ಎನ್ನುತ್ತಾರೆ. ಜನರಿಗೆ ಹೊರಮೈ ಮಾತ್ರ ಕಾಣುವುದರಿಂದ ಅದು ಒಗಟಾಗುತ್ತದೆ.

ಮನೆ ಎರಡು ಕೋಣೆಯದು. ಅಡುಗೆ ಕೋಣೆಯ ಗೋಡೆಯಲ್ಲಿ ಔಷಧಿ ಇಡುವ ಒಂದು ಗೂಡಿದೆ, ಅದರ ಬಾಗಿಲು ಯಾವುದೋ ಹಸಿರು ಕಾರಿನ ಟ್ಯಾಂಕಿನ ಮುಚ್ಚಳ. ಮೊದಲ ವರ್ಷ ಹೆಂಡತಿಗೆ ಚಿನ್ನ ತರಲಾಗದ ಗಂಡ ಮಾಡಿಕೊಟ್ಟ ಕಾಣಿಕೆ ಅದು. ಎಂಬತ್ತು ದಾಟಿದ ಅತ್ತೆ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು ಇಬ್ಬರ ಮೇಲೂ ಹದ್ದಿನ ಕಣ್ಣಿಟ್ಟಿರುತ್ತಾರೆ. "ಸೊಸೆ ಕೈಗೆ ಪೆಟ್ರೋಲ್ ವಾಸನೆ, ಮಗನ ಕೈಗೆ ಬಣ್ಣದ ವಾಸನೆ. ಮಧ್ಯ ನನ್ನ ಮೂಗು ಏನು ಪಾಪ ಮಾಡಿತ್ತು?" ಎಂಬುದು ಅವರ ದಿನನಿತ್ಯದ ದೂರು. ಸೊಸೆಯ ಕೈಯಿಂದ ಪೈಪು ಹೋದ ಮೇಲೆ ಮಾತ್ರ ಆ ದೂರನ್ನು ಅವರು ಹೇಳಿಲ್ಲ.

ಅಕ್ಕ ಬಂಕಿಗೆ ಸೇರಿದ್ದು ಕಸ ಗುಡಿಸಲು. ಎರಡು ವರ್ಷ ಗುಡಿಸಿದರು, ಎಣ್ಣೆ ಚೆಲ್ಲಿದ ಕಡೆ ಮರಳು ಹಾಕಿದರು. ಒಂದು ದಿನ ಮುಚ್ಚಳ ಕಚ್ಚಿಕೊಂಡ ಕಾರೊಂದರ ಸುತ್ತ ನಾಲ್ಕು ಗಂಡಸರು ತಲೆ ಮೇಲೆ ಕೈ ಹೊತ್ತು ನಿಂತಿದ್ದರು. ಹಿಂದೆ ಹತ್ತು ಗಾಡಿಗಳು ಹಾರ್ನು ಬಾರಿಸುತ್ತಿದ್ದವು. ಅಕ್ಕ ಪೊರಕೆ ಕೆಳಗಿಟ್ಟು, ಡಿಕ್ಕಿ ತೆಗೆಸಿ, ಒಳಗಿನ ದಾರ ಎಳೆದು ಮುಚ್ಚಳ ಬಿಡಿಸಿಕೊಟ್ಟು, ಮತ್ತೆ ಪೊರಕೆ ಕೈಗೆತ್ತಿಕೊಂಡರು. ಬಂಕಿನ ಯಜಮಾನಿ ಅಂದು ಗಾಜಿನ ಕೋಣೆಯಲ್ಲೇ ಕೂತಿದ್ದರು. ಮಾರನೇ ದಿನ ಅಕ್ಕನಿಗೆ ಖಾಕಿ ಅಂಗಿ ಬಂತು, ಮೂರನೇ ಪಂಪು ಬಂತು. ಅಡ್ಡಹೆಸರೂ ಅಂದೇ ಅಂಟಿಕೊಂಡಿತು.

"ಕಸ ಗುಡಿಸೋದೂ ಕೆಲಸಾನೇ, ನಾನು ಕೀಳು ಅನ್ನಲ್ಲ," ಎನ್ನುತ್ತಾರೆ. "ಆದ್ರೆ ಪೈಪು ಹಿಡಿದ್ರೆ ಒಂದು ಜವಾಬ್ದಾರಿ ಬಂದಂಗೆ. ಯಾರೋ ಎಲ್ಲಿಗೋ ಹೊರಟಿರ್ತಾರೆ. ಆಸ್ಪತ್ರೆಗೋ, ಮದುವೆಗೋ. ಅವರು ಅಲ್ಲಿ ತಲುಪೋದ್ರಲ್ಲಿ ನಂದೂ ಒಂದು ಪಾಲು ಇರುತ್ತೆ. ಮುಚ್ಚಳ ತೆಗೆದು ಹಿಂದೆ ನಿಂತ್ಕೊಂಡ್ರೆ ಆ ಪಾಲು ಇಲ್ಲ."

ಇಷ್ಟು ಬಲ್ಲವರ ಕೈಯಿಂದ ಪೈಪು ಹೋದದ್ದು ಹೇಗೆ ಎಂಬ ಪ್ರಶ್ನೆಯಿಂದ ಅಕ್ಕ ನುಣುಚಿಕೊಳ್ಳುವುದಿಲ್ಲ. ಟೀ ಲೋಟ ಕೆಳಗಿಟ್ಟು ಕ್ರಮವಾಗಿ ಹೇಳುತ್ತಾರೆ.

ಹನ್ನೊಂದು ವಾರದ ಹಿಂದೆ, ಬೆಳಗ್ಗೆ ಎಂಟರ ಗಡಿಬಿಡಿ. ಪಕ್ಕದ ಮೂಲೆಯಲ್ಲಿ ಗಾಳಿ ಯಂತ್ರ ಗಡಗಡ ಅನ್ನುತ್ತಿತ್ತು. ಬೂದು ಬಣ್ಣದ ಕಾರೊಂದು ಬಂದು ನಿಂತಿತು. ಅದನ್ನು ತಂದವರು ಎರಡು ಬೀದಿ ಆಚೆಗೆ ಔಷಧಿ ಅಂಗಡಿ ಇಟ್ಟಿರುವವರು, ಫೋನಿನಲ್ಲಿ ಮಾತಾಡುತ್ತಲೇ ತುಂಬಿಸಿ ಎಂದು ಕೈಸನ್ನೆ ಮಾಡಿದರು. ಆ ಕಾರು ಪೆಟ್ರೋಲಿನದೂ ಬರುತ್ತದೆ, ಡೀಸೆಲಿನದೂ ಬರುತ್ತದೆ, ಹೊರಗಿನಿಂದ ಎರಡೂ ಅವಳಿಜವಳಿ. ಇಂಜಿನ್ ಸದ್ದು ಕೇಳಿದರೆ ತಿಳಿಯುತ್ತದೆ, ಆದರೆ ಗಾಳಿ ಯಂತ್ರದ ಗದ್ದಲದಲ್ಲಿ ಅದು ಮುಳುಗಿಹೋಗಿತ್ತು. ವಾಸನೆ ಹಿಡಿಯಬಹುದಿತ್ತು, ಆದರೆ ಹತ್ತೊಂಬತ್ತು ವರ್ಷ ಇದೇ ಗಾಳಿ ಕುಡಿದ ಮೂಗಿಗೆ ಎರಡೂ ಒಂದೇ. ಅಕ್ಕ ಮುಚ್ಚಳ ತೆಗೆದರು. ಒಳಮೈಯಲ್ಲಿ 'ಪೆಟ್ರೋಲ್ ಮಾತ್ರ' ಎಂಬ ಚೀಟಿ ಅಂಟಿತ್ತು. ಏನು ಹಾಕಬೇಕೆಂದು ಅಕ್ಕ ಬಾಯಿಬಿಟ್ಟು ಕೇಳಲಿಲ್ಲ. ಪೆಟ್ರೋಲ್ ಪೈಪು ತೆಗೆದು ಹಾಕಿದರು. ಪೆಟ್ರೋಲ್ ಪೈಪಿನ ಮೂತಿ ಸಣ್ಣದು, ಡೀಸೆಲ್ ಟ್ಯಾಂಕಿನ ಬಾಯಿ ದೊಡ್ಡದು. ತಡೆಯುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಗಾಡಿ ಹೊರಡುವ ಹೊತ್ತಿಗೆ ಗಾಳಿ ಯಂತ್ರ ನಿಂತಿತು. ಇಂಜಿನ್ ಚಾಲೂ ಆದ ಸದ್ದು ಅಕ್ಕನ ಕಿವಿಗೆ ಬಿತ್ತು. ಡೀಸೆಲ್ ಇಂಜಿನ್ನಿನ ಸದ್ದು.

"ನಿಲ್ಸಿ ಅಂತ ಕೂಗ್ದೆ," ಎನ್ನುತ್ತಾರೆ. "ಗಾಡಿ ಗೇಟು ದಾಟಿತ್ತು. ಓಡ್ದೆ. ಒಂದು ಚಪ್ಪಲಿ ಅಲ್ಲೇ ಬಿತ್ತು, ಇನ್ನೊಂದು ನಾನೇ ಎಸೆದೆ. ಸಿಗ್ನಲ್ಲಲ್ಲಿ ಕೆಂಪು ದೀಪ ಇತ್ತು, ನಮ್ಮ ಪುಣ್ಯ. ಬಾನೆಟ್ ಮೇಲೆ ಎರಡೂ ಕೈಯಲ್ಲಿ ಬಡಿದೆ. ಆಫ್ ಮಾಡಿ, ಆಫ್ ಮಾಡಿ ಅಂತ ಕಿರುಚಿದೆ. ಅವರು ನಂಗೆ ತಲೆ ಕೆಟ್ಟಿದೆ ಅಂದ್ಕೊಂಡ್ರು."

ಗಾಡಿಯನ್ನು ಅಲ್ಲಿಂದ ತಳ್ಳಿಕೊಂಡು ಬಂದರು. ಟ್ಯಾಂಕು ಪೂರ್ತಿ ಖಾಲಿ ಮಾಡಿ ತೊಳೆಯಬೇಕಾಯಿತು. ಇನ್ನರ್ಧ ಮೈಲಿ ಓಡಿದ್ದರೆ ಇಂಜಿನ್ ಕೆಟ್ಟು ಕೂರುತ್ತಿತ್ತು ಎಂದು ಮೆಕ್ಯಾನಿಕ್ ಹೇಳಿದರು. ಔಷಧಿ ಅಂಗಡಿಯವರು ಅಂದು ಬಂಕಿನಲ್ಲಿ ನಿಂತು ಬಾಯಿಗೆ ಬಂದಂತೆ ಬೈದರು. ಅವರು ಬೈದದ್ದರಲ್ಲಿ ಒಂದು ಮಾತೂ ಹೆಚ್ಚಲ್ಲ ಎಂಬುದು ಅಕ್ಕನ ಅಭಿಪ್ರಾಯ.

ಡೀಸೆಲ್ ಗಾಡಿಗೆ ಪೆಟ್ರೋಲಿನ ಚೀಟಿ ಬಂದದ್ದು ಹೇಗೆ ಎಂಬುದು ಸಂಜೆ ಮನೆಯಲ್ಲಿ ಗೊತ್ತಾಯಿತು. ಊಟಕ್ಕೆ ಕೂತಾಗ ಅಕ್ಕ ನಡೆದದ್ದೆಲ್ಲ ಹೇಳಿದರು. ಗಂಡನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

"ಬೂದು ಬಣ್ಣದ್ದಾ? ಬಲಗಡೆ ಮುಚ್ಚಳದ್ದಾ?" ಎಂದು ಕೇಳಿದರು.

"ಹೂಂ."

"ಅದು ನಾನೇ ಹಾಕಿದ್ದು ಕಣೇ."

ಔಷಧಿ ಅಂಗಡಿಯವರು ಗೇಟಿಗೆ ಒರಸಿಕೊಂಡು ಮುಚ್ಚಳ ಜಜ್ಜಿಸಿಕೊಂಡಿದ್ದರು. ಹೊಸದು ಬರಲು ತಡವಾಗುತ್ತದೆಂದು ಗಂಡ ಗುಜರಿಯಿಂದ ಅದೇ ಬಗೆಯ ಕಾರಿನ ಮುಚ್ಚಳ ತಂದು, ಹೊರಮೈಗೆ ಬೂದು ಬಣ್ಣ ಹೊಡೆದು ಕೂರಿಸಿದ್ದರು. ಬಣ್ಣ ಎಷ್ಟು ಚೆನ್ನಾಗಿ ಕೂಡಿತ್ತೆಂದರೆ ಅಕ್ಕನ ಕಣ್ಣಿಗೂ ಗೊತ್ತಾಗಲಿಲ್ಲ. ಆದರೆ ಗುಜರಿಯ ಕಾರು ಪೆಟ್ರೋಲಿನದು. ಒಳಮೈಯ ಚೀಟಿ ಕೀಳುವುದನ್ನು ಅವರು ಮರೆತಿದ್ದರು. ತಗಡಿನ ಕೆಲಸದವರಿಗೆ ಚೀಟಿ ಕಾಣುವುದಿಲ್ಲ, ತಗಡು ಮಾತ್ರ ಕಾಣುತ್ತದೆ. ಬಂಕಿನವರಿಗೆ ತಗಡು ಕಾಣುವುದಿಲ್ಲ, ಚೀಟಿ ಮಾತ್ರ ಕಾಣುತ್ತದೆ. ಒಂದೇ ಮನೆಯ ಇಬ್ಬರು, ತಮ್ಮ ತಮ್ಮ ಕಸುಬಿನಲ್ಲಿ ಪಳಗಿದವರೇ ಸೇರಿ ಒಂದೇ ಕಾರಿಗೆ ಗಂಡಾಂತರ ತಂದಿದ್ದರು. ಆ ರಾತ್ರಿ ಊಟ ಮಾಡಿದ್ದು ಅತ್ತೆ ಒಬ್ಬರೇ.

ಮಾರನೇ ದಿನ ಗಂಡ ಕೆಲಸದ ಬಟ್ಟೆಯಲ್ಲೇ ಬಂಕಿಗೆ ಬಂದು ಮ್ಯಾನೇಜರ ಮುಂದೆ ನಿಂತರು. ಮುಚ್ಚಳ ಹಾಕಿದ್ದು ತಾನು, ತಪ್ಪು ತನ್ನದು, ಹೆಂಡತಿಯದಲ್ಲ ಎಂದರು. ಇಲ್ಲಿಂದ ಕತೆ ದಿಕ್ಕು ತಪ್ಪಿತು. ಮ್ಯಾನೇಜರು ಕೆಟ್ಟ ಮನುಷ್ಯರಲ್ಲ, ಸಂಶಯದ ಮನುಷ್ಯರು. ಗಂಡ ಗಾಡಿ ರಿಪೇರಿಯವನು, ಹೆಂಡತಿ ಗಾಡಿಗೆ ತಪ್ಪು ಎಣ್ಣೆ ಹಾಕಿದವಳು. ಎರಡನ್ನೂ ಕೂಡಿಸಿ ನೋಡಿದ ಅವರಿಗೆ ಬೇರೆಯದೇ ಮೊತ್ತ ಬಂತು.

"ಗಂಡ ಹೆಂಡ್ತಿ ಇಬ್ರೂ ಸೇರ್ಕೊಂಡು ಗಿರಾಕಿ ಹುಟ್ಟಿಸ್ಕೋತಿದ್ದೀರಾ ಅಂತ ಕೇಳಿದ್ರು," ಎನ್ನುತ್ತಾರೆ ಅಕ್ಕ. "ನಮ್ಮೋರು ತಗಡು ಬಡಿಯೋರು, ಇಂಜಿನ್ ಮುಟ್ಟೋರೇ ಅಲ್ಲ. ಅದನ್ನ ಹೇಳೋಕೂ ಬಾಯಿ ಬರ್ಲಿಲ್ಲ ನಂಗೆ. ಬೈಸ್ಕೊಂಡಿದ್ದಕ್ಕೆ ಬೇಜಾರಿಲ್ಲ. ಕಳ್ಳಿ ಅನ್ನಿಸ್ಕೊಂಡಿದ್ದಕ್ಕೆ ಹೊಟ್ಟೆ ಉರೀತು."

ಯಜಮಾನಿ ಆಗ ಊರಲ್ಲಿರಲಿಲ್ಲ. ಮಂಡಿಯ ಆಪರೇಷನ್ ಆಗಿ ಮಗಳ ಮನೆಯಲ್ಲಿದ್ದರು. ಅವರು ಬಂದು ತೀರ್ಮಾನ ಮಾಡುವವರೆಗೆ ಅಕ್ಕ ಪೈಪು ಮುಟ್ಟಬಾರದು ಎಂದು ಮ್ಯಾನೇಜರು ಹೇಳಿದರು. ಮುಚ್ಚಳ ತೆಗೆಯುವುದನ್ನೂ ನಿಲ್ಲಿಸಬೇಕೆಂದಿದ್ದರು. ಎರಡು ದಿನ ನಿಲ್ಲಿಸಿಯೂ ನೋಡಿದರು. ಎರಡನೇ ದಿನ ಒಂದು ಕಚ್ಚಿಕೊಂಡ ಮುಚ್ಚಳದ ದೆಸೆಯಿಂದ ಸಾಲು ರಸ್ತೆಯ ತಿರುವಿನವರೆಗೆ ಬೆಳೆಯಿತು. ಮೂರನೇ ದಿನ ಮುಚ್ಚಳಗಳು ಅಕ್ಕನಿಗೆ ಮರಳಿ ಬಂದವು.

ಆ ಹನ್ನೊಂದು ವಾರಗಳಲ್ಲಿ ಅಕ್ಕ ಒಂದು ದಿನವೂ ರಜೆ ಹಾಕಿಲ್ಲ. ಮೊದಲ ವಾರ ಎಲ್ಲರೂ ಕೇಳುತ್ತಿದ್ದರು, ಯಾಕಕ್ಕಾ ನೀವು ಹಾಕ್ತಿಲ್ಲ ಎಂದು. ಅಕ್ಕ, "ಕೈ ನೋವು," ಎಂದು ಸುಳ್ಳು ಹೇಳಿದರು. ಎರಡನೇ ವಾರದಿಂದ ಸುಳ್ಳು ಬೇಸರವಾಗಿ, "ತಪ್ಪು ಎಣ್ಣೆ ಹಾಕಿದ್ದೆ, ಅದಕ್ಕೆ," ಎನ್ನತೊಡಗಿದರು. ಕೆಲವರು ನಕ್ಕರು. ಕೆಲವರು ತಮ್ಮ ಮುಚ್ಚಳದ ಒಳಮೈಯನ್ನು ಒಮ್ಮೆ ಬಗ್ಗಿ ನೋಡಿಕೊಂಡರು. ಗಂಡನ ಶೆಡ್ಡಿನಲ್ಲಂತೂ ಈಗ ಗುಜರಿಯಿಂದ ಬಂದ ಪ್ರತಿ ಮುಚ್ಚಳದ ಚೀಟಿಯನ್ನು ಮೊದಲು ಕಿತ್ತು, ಅದು ಅಂಟಿದ್ದ ಜಾಗವನ್ನು ಸೀಮೆಎಣ್ಣೆಯಲ್ಲಿ ಉಜ್ಜಿದ ಮೇಲೆಯೇ ಸುತ್ತಿಗೆ ಕೈಗೆತ್ತಿಕೊಳ್ಳುತ್ತಾರೆ. ಈ ವಿಷಯದಲ್ಲಿ ಗಂಡ ಹೆಂಡತಿ ಮನೆಯಲ್ಲಿ ಜಗಳವಾಡಿಲ್ಲ. ಆಡಿದ್ದರೇ ಚೆನ್ನಾಗಿತ್ತು ಎನ್ನುತ್ತಾರೆ ಅತ್ತೆ. ಇಬ್ಬರೂ ಒಬ್ಬರಿಗೊಬ್ಬರು ವಿಪರೀತ ಮರ್ಯಾದೆ ಕೊಟ್ಟುಕೊಂಡು ಓಡಾಡುವುದನ್ನು ಅವರಿಗೆ ನೋಡಲಾಗುತ್ತಿಲ್ಲವಂತೆ.

ಹತ್ತು ಗಂಟೆಗೆ ಹತ್ತು ನಿಮಿಷ ಇರುವಾಗ ಯಜಮಾನಿ ಬರುತ್ತಾರೆ. ಎಪ್ಪತ್ತು ದಾಟಿದ, ಅಪ್ಪನಿಂದ ಬಂದ ಬಂಕನ್ನು ನಲವತ್ತು ವರ್ಷದಿಂದ ನಡೆಸುತ್ತಿರುವ ಹೆಂಗಸು. ಕೆಲಸದವರೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಾರೆ. ಊರುಗೋಲು ಹೊಸದು, ಅದರ ಮೇಲೆ ಕೋಪ ಹಳೆಯದೆಂಬಂತೆ ಅದನ್ನು ನೆಲಕ್ಕೆ ಕುಟ್ಟುತ್ತಾ ಗಾಜಿನ ಕೋಣೆಗೆ ಹೋಗಿ ಕೂರುತ್ತಾರೆ. ಅಕ್ಕನನ್ನು ಒಳಗೆ ಕರೆಯುತ್ತಾರೆ. ಗಾಜಿನ ಬಾಗಿಲು ಪೂರ್ತಿ ಮುಚ್ಚಿಕೊಳ್ಳದೆ ಎಷ್ಟೋ ವರ್ಷವಾಗಿರುವುದರಿಂದ ಒಳಗಿನ ಮಾತು ಮೊದಲನೇ ಪಂಪಿನವರೆಗೂ ಕೇಳಿಸುತ್ತದೆ. ಆ ಹತ್ತು ನಿಮಿಷ ಮೊದಲನೇ ಪಂಪಿನ ಸುತ್ತಮುತ್ತ ಎಲ್ಲರಿಗೂ ಏನಾದರೊಂದು ಕೆಲಸವಿರುತ್ತದೆ.

ಮೇಜಿನ ಮೇಲೆ ಮ್ಯಾನೇಜರು ಟೈಪು ಮಾಡಿಸಿದ ಒಂದು ಕಾಗದವಿದೆ. ಅಕ್ಕನ ಪರವಾಗಿ ಬರೆದ ವಿವರಣೆ. ಗಂಡ ಅಳವಡಿಸಿದ ತಪ್ಪು ಮುಚ್ಚಳದಿಂದ ಮೋಸಹೋಗಿ ಈ ಅನಾಹುತ ಆಯಿತು, ತನ್ನ ಕಡೆಯಿಂದ ಯಾವ ಲೋಪವೂ ಇಲ್ಲ ಎಂದು ಅದರಲ್ಲಿದೆ. ಮ್ಯಾನೇಜರಿಗೂ ಈ ವ್ಯವಹಾರ ಮುಗಿದರೆ ಸಾಕಾಗಿದೆ.

"ಸೈನ್ ಮಾಡ್ಬಿಡಿ, ನಾಳೆಯಿಂದ ಪೈಪು ನಿಮ್ಮದು," ಎನ್ನುತ್ತಾರೆ ಮ್ಯಾನೇಜರು. "ಗಂಡಂದು ತಪ್ಪು ಅಂತ ಗಂಡಾನೇ ಒಪ್ಕೊಂಡಿದ್ದಾರಲ್ಲ."

ಅಕ್ಕ ಕಾಗದವನ್ನು ಎರಡು ಸಲ ಓದುತ್ತಾರೆ. ತುಟಿ ಅಲುಗಾಡಿಸುತ್ತಾ ನಿಧಾನವಾಗಿ ಓದುವುದು ಅವರ ಅಭ್ಯಾಸ. ಓದಿ, ಪೆನ್ನು ಕೆಳಗಿಡುತ್ತಾರೆ.

"ಇದಕ್ಕೆ ಸೈನ್ ಹಾಕಕ್ಕಾಗಲ್ಲ ಸಾರ್."

"ಯಾಕೆ?"

"ಚೀಟಿ ಕೀಳ್ಲಿಲ್ಲ, ಅದು ನಮ್ಮೋರ ತಪ್ಪು. ನಾನು ಕೇಳ್ಲಿಲ್ಲ, ಅದು ನನ್ನ ತಪ್ಪು. ಅವರ ತಪ್ಪು ದೊಡ್ಡದು ಮಾಡಿದ್ರೆ ನಂದು ಸಣ್ಣದಾಗಲ್ಲ. ಗಾಡಿ ಒಳಗೆ ಮನುಷ್ಯರು ಕೂತಿದ್ರು. ಒಂದು ಮಾತು ಕೇಳಿದ್ರೆ ಹೇಳ್ತಿದ್ರು. ನಂಗೆಲ್ಲಾ ಗೊತ್ತು ಅನ್ನೋ ಕೊಬ್ಬು. ಅದನ್ನ ಬರೀರಿ, ಸೈನ್ ಹಾಕ್ತೀನಿ."

ಮ್ಯಾನೇಜರು ಹಣೆ ಚಚ್ಚಿಕೊಳ್ಳುತ್ತಾರೆ. ಹಾಗೆ ಬರೆದುಕೊಟ್ಟರೆ ಮುಂದೆ ಪೈಪು ಕೊಡುವುದು ಹೇಗೆ ಎಂದು ಕೇಳುತ್ತಾರೆ. ಅಕ್ಕ, ಕೊಡದಿದ್ದರೆ ಗಾಳಿ ಯಂತ್ರದ ಹತ್ತಿರ ಹೋಗುತ್ತೇನೆ ಎನ್ನುತ್ತಾರೆ. ಹಾಗೆನ್ನುವಾಗ ಅವರ ಎರಡೂ ಕೈಗಳು ಖಾಕಿ ಅಂಗಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿವೆ. ಹದಿನೇಳು ವರ್ಷದ ಜಾಗವೊಂದು ಕೈಬಿಟ್ಟು ಹೋಗುತ್ತಿರುವುದು ಅವರಿಗೆ ಚೆನ್ನಾಗಿ ಗೊತ್ತು.

ಈಗ ದೊಡ್ಡಮ್ಮ ಬಾಯಿ ತೆಗೆಯುತ್ತಾರೆ. "ಆ ದಿನ ಓಡಿದ್ದು ಯಾಕಮ್ಮ? ಸುಮ್ಮನಿದ್ದಿದ್ರೆ ಗಾಡಿ ಎಲ್ಲೋ ಹೋಗಿ ನಿಲ್ತಿತ್ತು. ಮುಚ್ಚಳದಲ್ಲಿ ಪೆಟ್ರೋಲ್ ಅಂತಲೇ ಇತ್ತು. ನಿನ್ನನ್ನ ಯಾರು ಕೇಳ್ತಿದ್ರು?"

ಅಕ್ಕನಿಗೆ ಪ್ರಶ್ನೆಯೇ ಅರ್ಥವಾದಂತಿಲ್ಲ. "ಗಾಡಿ ಹಾಳಾಗ್ತಿತ್ತಲ್ಲಮ್ಮ," ಎನ್ನುತ್ತಾರೆ.

ದೊಡ್ಡಮ್ಮ ಮ್ಯಾನೇಜರ ಕಡೆ ತಿರುಗುತ್ತಾರೆ. "ಕೇಳಿದ್ರಾ? ಗಾಡಿ ಕೆಡಿಸಿ ಗಿರಾಕಿ ಹುಟ್ಟಿಸ್ಕೊಳ್ಳೋಳು ಬರಿಗಾಲಲ್ಲಿ ಗಾಡಿ ಹಿಂದೆ ಓಡ್ತಾಳಾ? ಹನ್ನೊಂದು ವಾರ ಬೇಕಾಯ್ತಾ ಇದು ಹೊಳೆಯೋಕೆ?" ಮ್ಯಾನೇಜರು ಟೈಪು ಮಾಡಿಸಿದ ಕಾಗದವನ್ನು ಮಡಚುತ್ತಾರೆ, ದೊಡ್ಡಮ್ಮ ಮಾತು ಮುಂದುವರಿಸುತ್ತಾರೆ. "ಇವಳು ಹೇಳಿದ ಹಾಗೇ ಬರೆಸಿ. ಸೈನ್ ತಗೊಳ್ಳಿ. ಬರೆದ ಕಾಗದ ನನ್ನ ಹತ್ರ ಇರ್ಲಿ. ಪೈಪು ಈಗಲೇ ಕೊಡಿ, ನಾಳೆ ಗೀಳೆ ಬೇಡ."

ಹೊರಗೆ ಬಂದ ಅಕ್ಕ ನೇರ ಪಂಪಿಗೆ ಹೋಗುವುದಿಲ್ಲ. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಳ್ಳುತ್ತಾರೆ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಆಮೇಲೆ ಗಂಡನಿಗೆ ಫೋನು ಮಾಡಿ, "ಕೊಟ್ರು," ಎಂದಷ್ಟೇ ಹೇಳಿ ಇಡುತ್ತಾರೆ. ಆ ಕಡೆ ಸುತ್ತಿಗೆಯ ಸದ್ದು ನಿಂತದ್ದು ತಮಗೆ ಕೇಳಿಸಿತು ಎನ್ನುತ್ತಾರೆ. ಮುಂದೆ ಏನು ಆಸೆ ಎಂದು ಕೇಳಿದರೆ ಮುಖ ಒರೆಸಿಕೊಳ್ಳುತ್ತಾ ಹೇಳುತ್ತಾರೆ. "ಔಷಧಿ ಅಂಗಡಿಯವರು ಈಗ ಬೇರೆ ಬಂಕಿಗೆ ಹೋಗ್ತಾರೆ. ಒಂದ್ಸಲ ಇಲ್ಲಿಗೆ ಬರ್ಲಿ. ಟ್ಯಾಂಕ್ ತುಂಬಿಸ್ದೇ ಇದ್ರೂ ಪರವಾಗಿಲ್ಲ, ಗಾಡಿ ಹೆಂಗಿದೆ ಅಂತ ಕೇಳ್ಬೇಕು."

ಮೂರನೇ ಪಂಪಿನಲ್ಲಿ ಉದ್ದಣ್ಣ ಪೈಪನ್ನು ಎರಡೂ ಕೈಯಲ್ಲಿ ಹಿಡಿದು, ಬಹುಮಾನ ಕೊಡುವವನ ಹಾಗೆ ಬಗ್ಗಿ ಕೊಡುತ್ತಾನೆ. ಅಕ್ಕ ಅವನ ತಲೆಗೆ ಮೆಲ್ಲಗೆ ಮೊಟಕಿ ಪೈಪು ಇಸಿದುಕೊಳ್ಳುತ್ತಾರೆ. ಅಷ್ಟರಲ್ಲಿ ಒಂದು ಹಳೆಯ ಬಿಳಿ ಕಾರು ಬಂದು ನಿಲ್ಲುತ್ತದೆ. ಓಡಿಸುತ್ತಿರುವವರು ನಿವೃತ್ತ ಪೋಸ್ಟ್ ಮಾಸ್ತರು. ಹನ್ನೆರಡು ವರ್ಷದಿಂದ ಪ್ರತಿ ಸೋಮವಾರ ಇದೇ ಪಂಪಿಗೆ, ಇದೇ ಕಾರಿನಲ್ಲಿ ಬರುವವರು. ಈ ಕಾರಿನ ಮುಚ್ಚಳ ಕೀಲಿನ ಹತ್ತಿರ ಒಂದೆಳೆ ತುಕ್ಕು ಹಿಡಿದಿರುವುದೂ, ಬಿರಡೆ ಅರ್ಧ ಸುತ್ತು ಹೆಚ್ಚು ತಿರುಗುವುದೂ ಅಕ್ಕನಿಗೆ ಕಣ್ಣು ಮುಚ್ಚಿಕೊಂಡು ಗೊತ್ತು. ಅವರು ಮುಚ್ಚಳ ತೆಗೆಯುತ್ತಾರೆ, ಬಿರಡೆ ತಿರುಗಿಸುತ್ತಾರೆ, ಪೈಪನ್ನು ಟ್ಯಾಂಕಿನ ಬಾಯಿಯ ಹತ್ತಿರ ತಂದು ನಿಲ್ಲಿಸುತ್ತಾರೆ. ಆಮೇಲೆ ಮುಂದಿನ ಕಿಟಕಿಯ ಕಡೆ ಬಗ್ಗುತ್ತಾರೆ.

"ಏನ್ ಹಾಕ್ಲಿ ಸಾರ್?"

ಮಾಸ್ತರು ಕನ್ನಡಕದ ಮೇಲಿನಿಂದ ನೋಡುತ್ತಾರೆ. "ಏನಕ್ಕಾ ಇದು, ಇಷ್ಟು ವರ್ಷ ನೀವೇ ಹಾಕಿದ್ದೀರಿ. ನಿಮಗೆ ಗೊತ್ತಿಲ್ವಾ?"

"ಗೊತ್ತು ಸಾರ್," ಎನ್ನುತ್ತಾರೆ ಅಕ್ಕ. "ನೀವು ಹೇಳಿ."